ಕರಾವಳಿಯ ಮಳೆಗೆ ಮನೆ ಸೋರುವುದು ಯಾಕೆ, ತಡೆಯುವುದು ಹೇಗೆ

ವಾಡಿಕೆಯಂತೆ ಮುಂಗಾರು ಕೇರಳಕ್ಕೆ ಬರುವುದು ಜೂನ್ 1ಕ್ಕೆ, ನಮ್ಮ ಕಡೆಗೆ ಅದಾಗಿ ನಾಲ್ಕೈದು ದಿನಕ್ಕೆ. 2025ರಲ್ಲಿ ಅದು ಮೇ 24ಕ್ಕೇ ಕೇರಳ ಮುಟ್ಟಿತು. ಮಂಗಳೂರು, ಉಡುಪಿಯಲ್ಲೂ ಮೇ ಕೊನೆಯ ವಾರಕ್ಕೇ ಜಡಿಮಳೆ ಹಿಡಿಯಿತು. "ತಾರಸಿ ಕೆಲಸ ತಾನೇ, ಮೇ ಕೊನೆಗೆ ಮಾಡಿಸಿದರಾಯ್ತು" ಎಂದುಕೊಂಡಿದ್ದವರ ಮನೆಗೆ ಮೇಸ್ತ್ರಿಗಿಂತ ಮೊದಲು ಮಳೆ ಬಂತು. ಆಮೇಲಿನದು ನಮಗೆಲ್ಲ ಗೊತ್ತಿರುವುದೇ. ಬೆಡ್‌ರೂಮಿನ ಗೋಡೆಯಲ್ಲಿ ಕಂದು ಕಲೆ, ಪೇಂಟಿನ ಗುಳ್ಳೆ, ಕಪಾಟಿನ ಹಿಂದೆ ಬೂಷ್ಟು.

ಆಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ವಾಟರ್‌ಪ್ರೂಫಿಂಗ್ ಒಳ್ಳೆಯದು? ಅಂಗಡಿಯವನ ಹತ್ತಿರ ಅದಕ್ಕೆ ಹತ್ತು ಉತ್ತರ ಇರುತ್ತದೆ, ಹತ್ತೂ ಡಬ್ಬದಲ್ಲೇ ಇರುತ್ತದೆ. ಆದರೆ ಡಬ್ಬದ ಹೆಸರು ಕೇಳುವ ಮೊದಲು ನೀರು ಯಾವ ದಾರಿಯಲ್ಲಿ ಒಳಗೆ ಬರುತ್ತಿದೆ ಎಂದು ಗೊತ್ತಾಗಬೇಕು. ಮೇಲಿಂದ ಬರುವ ನೀರಿಗೆ ಮಾಡುವ ಮದ್ದು ಪಕ್ಕದಿಂದ ಬರುವ ನೀರಿಗೆ ತಾಗುವುದಿಲ್ಲ. ಕೆಳಗಿಂದ ಏರುವ ತೇವಕ್ಕೆ ಎರಡೂ ತಾಗುವುದಿಲ್ಲ.

ಮೊದಲು ನೀರಿನ ಲೆಕ್ಕ

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. ಇಷ್ಟು ನೆನಪಿಟ್ಟುಕೊಂಡರೆ ಹವಾಮಾನ ಇಲಾಖೆಯ ಎಲ್ಲ ಅಂಕಿಗಳೂ ಅರ್ಥವಾಗುತ್ತವೆ.

24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಇಲಾಖೆ ಅದನ್ನು ಭಾರೀ ಮಳೆ ಎನ್ನುತ್ತದೆ. 115.6 ದಾಟಿದರೆ ಅತಿ ಭಾರೀ. 204.4 ದಾಟಿದರೆ ಅದಕ್ಕೂ ಮೇಲಿನದು. ನಿಮ್ಮ ತಾರಸಿ ಸಾವಿರ ಚದರಡಿ ಇದ್ದರೆ ಅದು ಸುಮಾರು 93 ಚದರ ಮೀಟರ್. ಅತಿ ಭಾರೀ ಮಳೆಯ ಒಂದು ದಿನ ಅದರ ಮೇಲೆ ಹತ್ತು ಸಾವಿರ ಲೀಟರಿಗಿಂತ ಜಾಸ್ತಿ ನೀರು ಬೀಳುತ್ತದೆ. ಈ ನೀರು ಇಡೀ ದಿನ ಸಮವಾಗಿ ಹಂಚಿ ಬೀಳುವುದೂ ಇಲ್ಲ. ಗಂಟೆಗೆ 100 ಮಿ.ಮೀ. ವೇಗದಲ್ಲಿ ಹತ್ತು ನಿಮಿಷ ಜಡಿದರೆ ಸಾಕು, ಅಷ್ಟು ಹೊತ್ತು ನಿಮಿಷಕ್ಕೆ 150 ಲೀಟರಿಗೂ ಜಾಸ್ತಿ ನೀರು ತಾರಸಿಯಿಂದ ಇಳಿದು ಹೋಗಬೇಕು.

ವರ್ಷಕ್ಕೆ ಮಂಗಳೂರಿನಲ್ಲಿ ಮೂರೂವರೆ ಸಾವಿರ ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ, ಉಡುಪಿ ಕಡೆ ನಾಲ್ಕು ಸಾವಿರ ದಾಟುತ್ತದೆ. ಬೆಂಗಳೂರಿನಲ್ಲಿ ಹೆಚ್ಚೂಕಮ್ಮಿ ಸಾವಿರ. ಈಗ ನಮ್ಮಲ್ಲಿ ಕಟ್ಟುವ ಎಷ್ಟೋ ಮನೆಗಳ ನಕ್ಷೆ ಬೆಂಗಳೂರಿನದ್ದು. ಪೆಟ್ಟಿಗೆ ಆಕಾರ, ಚಪ್ಪಟೆ ತಾರಸಿ, ಕಿಟಕಿಗೆ ಹೆಸರಿಗೊಂದು ಸನ್‌ಶೇಡ್, ಗೋಡೆಗೆ ಮರೆಯೇ ಇಲ್ಲ. ನೋಡಲು ಚೆಂದ, ಇಲ್ಲ ಎನ್ನುವುದಿಲ್ಲ. ಆದರೆ ಮೂರೂವರೆ ನಾಲ್ಕು ಪಟ್ಟು ಮಳೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ನಡುವೆ ಗೋಡೆ ಒಣಗಲು ಬಿಸಿಲೇ ಸಿಗದ ಹಾಗೆ ಬೀಳುವ ಊರಿನಲ್ಲಿ ಆ ನಕ್ಷೆ ಹಾಗ್ಹಾಗೇ ನಡೆಯುವುದಿಲ್ಲ.

ಗಟ್ಟಿ ಗೋಡೆಯ ಒಳಗೆ ನೀರು ಹೋಗುವುದು ಹೇಗೆ

ಸೋರಬೇಕಾದರೆ ಮೂರು ಸಂಗತಿ ಒಟ್ಟಿಗೆ ಸೇರಬೇಕು. ನೀರು ಇರಬೇಕು, ಅದಕ್ಕೊಂದು ತೂತು ಸಿಗಬೇಕು, ಆ ತೂತಿನೊಳಗೆ ಅದನ್ನು ದೂಡುವ ಅಥವಾ ಎಳೆಯುವ ಬಲ ಇರಬೇಕು. ಮೂರರಲ್ಲಿ ಯಾವುದೇ ಒಂದನ್ನು ತಪ್ಪಿಸಿದರೂ ಸೋರುವುದು ನಿಲ್ಲುತ್ತದೆ. ನಾವು ಮಾತ್ರ ಯಾವಾಗಲೂ ತೂತು ಮುಚ್ಚುವುದನ್ನೇ ಯೋಚಿಸುತ್ತೇವೆ. ಅಲ್ಲಿಗೆ ನೀರೇ ಬಾರದ ಹಾಗೆ ಮಾಡುವುದು ಸುಲಭ, ಹೆಚ್ಚು ಬಾಳಿಕೆ ಬರುವುದೂ ಅದೇ.

ಬಲಗಳಲ್ಲಿ ಮೊದಲನೆಯದು ಎಲ್ಲರಿಗೂ ಗೊತ್ತು, ನೀರು ಕೆಳಕ್ಕೆ ಹರಿಯುತ್ತದೆ. ಎರಡನೆಯದು ಸಣ್ಣ ಸಂದಿಗಳ ಎಳೆತ. ಕೂದಲೆಳೆಯಷ್ಟು ಬಿರುಕು ಸಿಕ್ಕಿದರೆ ನೀರನ್ನು ಯಾರೂ ದೂಡಬೇಕಿಲ್ಲ, ಅದು ತಾನಾಗಿ ಒಳಕ್ಕೆ, ಕೆಲವೊಮ್ಮೆ ಮೇಲಕ್ಕೂ ಏರುತ್ತದೆ. ಅದಕ್ಕೇ ಕಣ್ಣಿಗೆ ಕಾಣುವ ದೊಡ್ಡ ಬಿರುಕಿಗಿಂತ ಪೇಂಟಿನಡಿ ಬಲೆಯ ಹಾಗೆ ಹರಡಿದ ಸಣ್ಣ ಬಿರುಕುಗಳು ಜಾಸ್ತಿ ನೀರು ಕುಡಿಯುವುದುಂಟು.

ಮೂರನೆಯದು ಗಾಳಿ. ಗಾಳಿ ಗೋಡೆಗೆ ಬಡಿದಾಗ ಹೊರಗೆ ಒತ್ತಡ ಜಾಸ್ತಿ, ಮನೆಯೊಳಗೆ ಕಮ್ಮಿ. ಗಂಟೆಗೆ 70 ಕಿ.ಮೀ. ವೇಗದ ಗಾಳಿಯ ಒತ್ತಡ ನೀರನ್ನು ಸುಮಾರು ಒಂದು ಇಂಚು ಎತ್ತರಕ್ಕೆ ಏರಿಸುವಷ್ಟು ಇರುತ್ತದೆ. ಜಾರುವ ಕಿಟಕಿಯ ಅಲ್ಯೂಮಿನಿಯಂ ಹಳಿಯ ಒಳಬದಿಯ ಅಂಚು ಅದಕ್ಕಿಂತ ತಗ್ಗಿದ್ದರೆ ಗಾಳಿಮಳೆಯ ರಾತ್ರಿ ನೀರು ಅದನ್ನು ದಾಟಿ ಒಳಗೆ ಚೆಲ್ಲುವುದರಲ್ಲಿ ಆಶ್ಚರ್ಯ ಏನಿದೆ? ಆ ಹಳಿಯಲ್ಲಿ ಹೊರಬದಿಗೆ ಸಣ್ಣ ಸಣ್ಣ ಸೀಳು ತೂತುಗಳಿರುತ್ತವೆ, ನೀರು ಹೊರಗೆ ಹೋಗಲಿ ಅಂತಲೇ ಇಟ್ಟದ್ದು. ಧೂಳು, ಸತ್ತ ಹುಳ, ಪೇಂಟ್ ಸೇರಿ ಅವು ಮುಚ್ಚಿಹೋಗಿರುತ್ತವೆ. ಹಳೆಯ ಟೂತ್‌ಬ್ರಷ್ ಹಿಡಿದು ಅವನ್ನು ಬಿಡಿಸಿದರೆ ಕಿಟಕಿಯ ಅರ್ಧ ತಾಪತ್ರಯ ಮುಗಿಯುತ್ತದೆ.

ಪಡುವಣ ಗೋಡೆಗೇ ಯಾಕೆ ಈ ಗತಿ

ನಮ್ಮ ಮಳೆ ಬರುವುದು ಕಡಲಿನ ಕಡೆಯಿಂದ, ನೈಋತ್ಯದ ಗಾಳಿಯ ಜೊತೆ. ಮಳೆ ನೇರ ಬೀಳುವುದಿಲ್ಲ, ಓರೆಯಾಗಿ ಹೊಡೆಯುತ್ತದೆ. ಆ ಹೊಡೆತ ತಿನ್ನುವುದು ಪಡುವಣ ಮತ್ತು ತೆಂಕಣ ಗೋಡೆಗಳು. ಒಂದೇ ಮನೆಯಲ್ಲಿ ಮೂಡಣ ಗೋಡೆಯ ಪೇಂಟ್ ಚೆನ್ನಾಗಿದ್ದು ಪಡುವಣ ಗೋಡೆ ಹಸಿರು ಹಿಡಿದಿರುವುದು ಇದಕ್ಕೇ. ಖರ್ಚು ಮಾಡಲು ದುಡ್ಡು ಕಮ್ಮಿ ಇದ್ದರೆ ನಾಲ್ಕೂ ಗೋಡೆಗೆ ಸ್ವಲ್ಪ ಸ್ವಲ್ಪ ಹಚ್ಚುವ ಬದಲು ಈ ಎರಡಕ್ಕೆ ಸರಿಯಾಗಿ ಮಾಡಿಸುವುದು ಜಾಣತನ.

ಹಿಂದಿನವರಿಗೆ ಇದು ಗೊತ್ತಿತ್ತು. ಮಣ್ಣಿನ ಗೋಡೆಯ ಕಾಲದಲ್ಲಿ ಮಳೆ ಹೊಡೆಯುವ ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಮಾಡನ್ನು, ಅಂದರೆ ಇಳಿಜಾರು ಛಾವಣಿಯನ್ನು, ಗೋಡೆಯಿಂದ ಬಹಳ ಮುಂದಕ್ಕೆ ಇಳಿಸುತ್ತಿದ್ದರು, ಮಾಡಿನಿಂದ ಇಳಿಯುವ ನೀರಿಗೆ ಅಡಿಕೆ ಮರದ ದಂಬೆ (ನೀರು ಹರಿಸುವ ಕಾಲುವೆ) ಹಿಡಿಸುತ್ತಿದ್ದರು. ಗೋಡೆ ಒದ್ದೆಯಾದರೆ ಕರಗಿ ಹೋಗುತ್ತದೆ ಎನ್ನುವ ಭಯ ಇದ್ದವರು ಗೋಡೆಗೆ ಮಳೆಯನ್ನೇ ಮುಟ್ಟಿಸಲಿಲ್ಲ. ಸಿಮೆಂಟ್ ಬಂದ ಮೇಲೆ ಆ ಭಯ ಹೋಯಿತು.

ನಮ್ಮ ಗೋಡೆಯ ಕಲ್ಲಿನ ಸ್ವಭಾವವೂ ಗೊತ್ತಿರಬೇಕು. ಮುರಕಲ್ಲು, ಅಂದರೆ ಕೆಂಪು ಕಲ್ಲಿನ ಮೈತುಂಬ ತೂತು. ಅದು ನೀರು ಕುಡಿಯುತ್ತದೆ, ನಿಧಾನಕ್ಕೆ ಬಿಡುತ್ತದೆ. ಇದರಿಂದ ಕಲ್ಲಿಗೇನೂ ಕೇಡಿಲ್ಲ, ಒಣಗಲು ಬಿಟ್ಟರೆ ತಲೆಮಾರುಗಟ್ಟಲೆ ನಿಲ್ಲುತ್ತದೆ. ಸಮಸ್ಯೆ ಬರುವುದು ಹೊರಗಿನ ಸಾರಣೆ (ಪ್ಲಾಸ್ಟರ್) ಬಿರುಕು ಬಿಟ್ಟು ನೀರು ಒಳಗೆ ಹೋಗಿ, ಪೇಂಟಿನ ಪದರ ಅದನ್ನು ಹೊರಗೆ ಬಿಡದೇ ಇದ್ದಾಗ. ಆಗ ಒಣಗಲು ಉಳಿಯುವ ದಾರಿ ಒಂದೇ, ನಿಮ್ಮ ಬೆಡ್‌ರೂಮಿನ ಕಡೆ.

ಕೆಂಪು ಕಲ್ಲಿನ ಗೋಡೆಯೂ ಕಾಂಕ್ರೀಟಿನ ಕಂಬ, ಬೀಮೂ ಸೇರುವ ಗೆರೆ ಇನ್ನೊಂದು ದುರ್ಬಲ ಜಾಗ. ಬಿಸಿಲಿಗೆ ಕಾಂಕ್ರೀಟ್ ಹಿಗ್ಗುವ ಲೆಕ್ಕವೇ ಬೇರೆ, ಕಲ್ಲು ಹಿಗ್ಗುವ ಲೆಕ್ಕವೇ ಬೇರೆ. ವರ್ಷ ಎರಡು ವರ್ಷದಲ್ಲಿ ಆ ಗೆರೆಯುದ್ದಕ್ಕೂ ಸಾರಣೆ ಸೀಳುತ್ತದೆ. ಹೊಸ ಮನೆಯಾದರೆ ಸಾರಣೆಗೆ ಮೊದಲು ಆ ಸೇರುಗೆಯ ಮೇಲೆ ಎರಡೂ ಬದಿಗೆ ನಾಲ್ಕೈದು ಇಂಚು ಬರುವ ಹಾಗೆ ಬಲೆ ಹೊಡೆಸಿ. ಮೇಸ್ತ್ರಿಗಳು ಕೋಳಿ ಬಲೆ ಎನ್ನುತ್ತಾರೆ, ಕಡಲ ಹತ್ತಿರವಾದರೆ ತುಕ್ಕು ಹಿಡಿಯದ ಫೈಬರ್ ಬಲೆ ಉತ್ತಮ. ಹಳೆಯ ಮನೆಯಾದರೆ ಬಿರುಕನ್ನು ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ರಬ್ಬರಿನಂತೆ ಎಳೆಯಬಲ್ಲ ಸೀಲೆಂಟ್ ತುಂಬಿಸಬೇಕು. ಬರೀ ಸಿಮೆಂಟ್ ಮೆತ್ತಿದರೆ ಮುಂದಿನ ಬೇಸಿಗೆಗೆ ಅದೇ ಗೆರೆಯಲ್ಲಿ ಮತ್ತೆ ಸೀಳುತ್ತದೆ.

ಸನ್‌ಶೇಡಿನ ಅಡಿಯ ಒಂದು ಗೀರು

ಒಂದು ಲೋಟದಿಂದ ಇನ್ನೊಂದಕ್ಕೆ ಚಾ ನಿಧಾನಕ್ಕೆ ಬಗ್ಗಿಸಿದರೆ ಅದು ನೆಟ್ಟಗೆ ಬೀಳುವುದಿಲ್ಲ, ಲೋಟದ ಹೊರಮೈಗೆ ಅಂಟಿಕೊಂಡು ಹಿಂದಕ್ಕೆ ಹರಿದು ಮೊಣಕೈವರೆಗೆ ಬರುತ್ತದೆ. ಸನ್‌ಶೇಡಿನಲ್ಲಿ ನಡೆಯುವುದೂ ಇದೇ. ಮೇಲೆ ಬಿದ್ದ ನೀರು ಅಂಚಿಗೆ ಬಂದು ಅಲ್ಲಿಂದ ಕೆಳಗೆ ಬೀಳಬೇಕಲ್ಲ, ಬೀಳದೆ ಅಡಿಭಾಗಕ್ಕೆ ಅಂಟಿಕೊಂಡು ಗೋಡೆಯ ಕಡೆಗೆ ವಾಪಸ್ ಹರಿಯುತ್ತದೆ. ಅಲ್ಲಿಂದ ಕಿಟಕಿಯ ಚೌಕಟ್ಟಿನ ಮೇಲಿನ ಸಂದಿಗೆ ಇಳಿಯುತ್ತದೆ.

ಇದಕ್ಕೆ ಮದ್ದು ಅಗ್ಗದ್ದು. ಸನ್‌ಶೇಡಿನ ಅಡಿಯಲ್ಲಿ, ಹೊರ ಅಂಚಿನಿಂದ ಒಂದೆರಡು ಇಂಚು ಒಳಗೆ, ಉದ್ದಕ್ಕೂ ಅರ್ಧ ಇಂಚಿನ ಒಂದು ಗೀರು ಕೊರೆಯುವುದು. ಹಿಂದಕ್ಕೆ ಹರಿದು ಬಂದ ನೀರಿನ ಹನಿಗೆ ಆ ಗೀರು ದಾಟಲು ಆಗುವುದಿಲ್ಲ, ಅಲ್ಲೇ ತೊಟ್ಟಿಕ್ಕುತ್ತದೆ. ಸಾರಣೆ ಮಾಡುವಾಗಲೇ ಮೇಸ್ತ್ರಿಗೆ ಹೇಳಿದರೆ ಒಂದು ರೀಪಿನ (ಮರದ ಪಟ್ಟಿಯ) ತುಂಡು ಒತ್ತಿ ಐದು ನಿಮಿಷದಲ್ಲಿ ಮಾಡುತ್ತಾರೆ. ಮುಗಿದ ಮನೆಯಾದರೆ ಗೀರಿನ ಬದಲು ಅಂಚಿನ ಅಡಿಗೆ ಎಲ್ ಆಕಾರದ ಸಣ್ಣ ಅಲ್ಯೂಮಿನಿಯಂ ಪಟ್ಟಿ ಅಂಟಿಸಬಹುದು, ಕೆಲಸ ಅದೇ. ಕಿಟಕಿಯ ಕೆಳಗಿನ ಹಾಸುಗಲ್ಲು ಗೋಡೆಯಿಂದ ಹೊರಗೆ ಚಾಚಿದ್ದರೆ ಅದರಡಿಗೂ ಇಂಥದೇ ಗೀರು ಬೇಕು. ಆ ಕಲ್ಲು ಹೊರಕ್ಕೆ ಇಳಿಜಾರಾಗಿರಬೇಕು ಎಂದು ಬೇರೆ ಹೇಳಬೇಕಿಲ್ಲ ಅಲ್ವಾ? ಆದರೂ ಎಷ್ಟೋ ಮನೆಯಲ್ಲಿ ಗ್ರಾನೈಟ್ ಸಮತಟ್ಟಾಗಿ ಕೂರಿಸಿರುತ್ತಾರೆ, ಕೆಲವು ಕಡೆ ಒಳಕ್ಕೇ ವಾಲಿರುತ್ತದೆ. ಒಂದು ಲೋಟ ನೀರು ಚೆಲ್ಲಿ ನೋಡಿದರೆ ಗೊತ್ತಾಗುತ್ತದೆ.

ಇದೇ ಜಾತಿಯ ಇನ್ನೊಂದು ಸಣ್ಣ ವಿಷಯ. ಎಸಿ ಪೈಪು, ಡಿಶ್ ಕೇಬಲ್ಲು, ಇಂಟರ್ನೆಟ್ ತಂತಿ ಒಳಗೆ ತರಲು ಗೋಡೆಗೆ ತೂತು ಕೊರೆಯುತ್ತಾರಲ್ಲ, ಆ ತೂತು ಹೊರಕ್ಕೆ ಇಳಿಜಾರಿರಬೇಕು. ಕೇಬಲ್ ತೂತಿನ ಹತ್ತಿರ ಬರುವಾಗ ಒಂದು ಗೇಣು ಕೆಳಗೆ ಜೋತುಬಿದ್ದು ಆಮೇಲೆ ಮೇಲಕ್ಕೇರಿ ಒಳಗೆ ಹೋಗಬೇಕು. ಆಗ ಕೇಬಲ್ಲಿನ ಮೇಲೆ ಹರಿದು ಬರುವ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ನೇರ ಎಳೆದು ಬಿಟ್ಟರೆ ಕೇಬಲ್ಲೇ ನೀರನ್ನು ಕೈಹಿಡಿದು ಒಳಗೆ ಕರೆದುಕೊಂಡು ಬರುತ್ತದೆ, ಅದೂ ನೇರ ಸ್ವಿಚ್‌ಬೋರ್ಡಿಗೆ.

ತಾರಸಿ: ನೀರು ನಿಲ್ಲಬಾರದು, ಅಷ್ಟೇ

ಕಾಂಕ್ರೀಟ್ ಪೂರ್ತಿ ನೀರು ತಡೆಯುವ ವಸ್ತು ಅಲ್ಲ. ಮೇಲೆ ನೀರು ನಿಂತರೆ ಇವತ್ತಲ್ಲ ನಾಳೆ ಒಸರುತ್ತದೆ. ಹಾಗಾಗಿ ಯಾವ ಕೋಟಿಂಗ್ ಹಾಕಿಸುವುದಕ್ಕೂ ಮೊದಲು ಇಳಿಜಾರು ನೋಡಬೇಕು. ನೂರಕ್ಕೆ ಒಂದಾದರೂ ಬೇಕು, ಅಂದರೆ ಹತ್ತಡಿ ಉದ್ದಕ್ಕೆ ಒಂದೂಕಾಲು ಇಂಚು ತಗ್ಗು. ಮಳೆ ನಿಂತು ಒಂದು ಗಂಟೆ ಬಿಟ್ಟು ತಾರಸಿ ಹತ್ತಿ ನೋಡಿ. ಎಲ್ಲಿ ನೀರು ನಿಂತಿದೆಯೋ ಅಲ್ಲಿಗೆ ಸೀಮೆಸುಣ್ಣದಿಂದ ಗುರುತು ಹಾಕಿ. ಬೇಸಿಗೆಯಲ್ಲಿ ಮೇಸ್ತ್ರಿಗೆ ತೋರಿಸಲು ಫೋಟೋ ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಒಣಗಿದ ತಾರಸಿಯಲ್ಲಿ ತಗ್ಗು ಯಾರಿಗೂ ಕಾಣುವುದಿಲ್ಲ.

ಆಮೇಲೆ ಪೈಪು. ಗಂಟೆಗೆ 100 ಮಿ.ಮೀ. ಮಳೆಯ ಲೆಕ್ಕದಲ್ಲಿ ನಾಲ್ಕು ಇಂಚಿನ ಒಂದು ಪೈಪು ಸುಮಾರು 40 ಚದರ ಮೀಟರ್ ತಾರಸಿಯ ನೀರನ್ನಷ್ಟೇ ಇಳಿಸಬಲ್ಲುದು. ಸಾವಿರ ಚದರಡಿಗೆ ಎರಡು ಸಾಲುವುದಿಲ್ಲ, ಮೂರು ಬೇಕು. ಮೂರು ಇಂಚಿನ ಪೈಪು ಹಾಕಿದರೆ ಅದರ ಸಾಮರ್ಥ್ಯ ಅರ್ಧಕ್ಕಿಂತ ಕಮ್ಮಿ. ಪೈಪಿನ ಬಾಯಿಗೆ ಜಾಲರಿ ಇರಬೇಕು, ಅದೂ ಚಪ್ಪಟೆಯದ್ದಲ್ಲ, ಗುಮ್ಮಟದ ಹಾಗೆ ಎದ್ದು ನಿಂತದ್ದು. ಚಪ್ಪಟೆ ಜಾಲರಿಯನ್ನು ಒಂದು ಹಲಸಿನ ಎಲೆ ಮುಚ್ಚಿಬಿಡುತ್ತದೆ. ಇದೆಲ್ಲದರ ಜೊತೆಗೆ ತಾರಸಿಯ ಸುತ್ತಲಿನ ಪ್ಯಾರಪೆಟ್ ಗೋಡೆಯಲ್ಲಿ ನೆಲದಿಂದ ಎರಡು ಇಂಚು ಮೇಲೆ ಒಂದು ಹೆಚ್ಚುವರಿ ತೂತು ಇಟ್ಟುಕೊಳ್ಳಿ. ಪೈಪು ಕಟ್ಟಿಕೊಂಡ ದಿನ ತಾರಸಿ ಕೆರೆಯಾಗುವ ಮೊದಲು ನೀರು ಅಲ್ಲಿಂದ ಹಾರಿ ಹೋಗುತ್ತದೆ, ಹೊರಗಿನಿಂದ ನೋಡಿದವರಿಗೆ ಪೈಪು ಕಟ್ಟಿದೆ ಎಂದೂ ಗೊತ್ತಾಗುತ್ತದೆ.

ತಾರಸಿ ನೆಲವೂ ಪ್ಯಾರಪೆಟ್ಟೂ ಸೇರುವ ಮೂಲೆ ಎಲ್ಲಕ್ಕಿಂತ ಮೊದಲು ಬಿರಿಯುವ ಜಾಗ. ನೆಲ ಒಂದು ಸಲ ಎರಕ ಹೊಯ್ದದ್ದು, ಗೋಡೆ ಆಮೇಲೆ ಕಟ್ಟಿದ್ದು, ಎರಡಕ್ಕೂ ನಿಜವಾದ ಬೆಸುಗೆ ಇರುವುದಿಲ್ಲ. ಆ ಮೂಲೆ ಚೂಪಾಗಿ ಇರದೆ ಗಾರೆಯಿಂದ ಗುಂಡಗೆ ತುಂಬಿಸಿರಬೇಕು, ಕೋಟಿಂಗ್ ನೆಲದಿಂದ ಮೇಲೇರಿ ಗೋಡೆಗೆ ಒಂದಡಿಯಾದರೂ ಹತ್ತಿರಬೇಕು. ನೆಲಕ್ಕೆ ಮಾತ್ರ ಬಳಿದು ಹೋಗುವವರಿದ್ದಾರೆ, ಚದರಡಿ ಲೆಕ್ಕಕ್ಕೆ ಅವರಿಗೆ ಅದೇ ಸುಲಭ. ಪ್ಯಾರಪೆಟ್ಟಿನ ತಲೆಯೂ ನೋಡಿ. ಅದು ತಾರಸಿಯ ಕಡೆಗೆ ಇಳಿಜಾರಿರಬೇಕು. ಹೊರಕ್ಕೆ ಇಳಿಜಾರಿದ್ದರೆ ವರ್ಷದ ಧೂಳು, ಪಾಚಿ ಎಲ್ಲ ಕರಿ ಗೆರೆಯಾಗಿ ಹೊರಗೋಡೆಯ ಮೇಲೆ ಇಳಿಯುತ್ತದೆ. ಊರಲ್ಲಿ ಎಲ್ಲಿ ನೋಡಿದರೂ ಕಾಣುವ ಆ ಕರಿ ಗೆರೆಗಳು ಬಹುಪಾಲು ಅಲ್ಲಿಂದಲೇ ಬಂದದ್ದು.

ಕೋಟಿಂಗ್‌ಗಳಲ್ಲಿ ಮನೆಗಳಿಗೆ ಸಾಮಾನ್ಯವಾಗಿ ಬಳಸುವುದು ಮೂರು ಬಗೆ. ಪುಡಿಯನ್ನೂ ದ್ರವವನ್ನೂ ಕಲಸಿ ಬ್ರಷ್‌ನಲ್ಲಿ ಹಚ್ಚುವ ಸಿಮೆಂಟ್-ಪಾಲಿಮರ್ ಪದರ ಒಂದು. ಇದನ್ನು ಎರಡು ಸಲ ಹಚ್ಚಬೇಕು, ಮೊದಲನೆಯದು ಉದ್ದಕ್ಕೆ ಎಳೆದರೆ ಎರಡನೆಯದು ಅಡ್ಡಕ್ಕೆ. ರಬ್ಬರಿನ ಹಾಗೆ ಎಳೆಯುವ ಪಿಯು (ಪಾಲಿಯುರೆಥೇನ್) ಅಥವಾ ಅಕ್ರಿಲಿಕ್ ಪದರ ಇನ್ನೊಂದು, ಇದಕ್ಕೆ ತಳ ಪೂರ್ತಿ ಒಣಗಿರಬೇಕು. ಬೆಂಕಿಯಿಂದ ಕಾಯಿಸಿ ಅಂಟಿಸುವ ಡಾಂಬರಿನ ಶೀಟ್ ಮೂರನೆಯದು. ಮೂರೂ ಕೆಲಸ ಮಾಡುತ್ತವೆ, ಮೂರೂ ಕೆಟ್ಟ ತಳದ ಮೇಲೆ ಸೋಲುತ್ತವೆ. ಹಳೆಯ ಪಾಚಿ, ಪುಡಿಯಾಗುತ್ತಿರುವ ಸಾರಣೆ ಹೆರೆದು ತೆಗೆಯದೆ ಮೇಲೆ ಬಳಿದರೆ ಯಾವ ಕಂಪೆನಿಯದಾದರೂ ಹಪ್ಪಳದ ಹಾಗೆ ಎದ್ದು ಬರುತ್ತದೆ. ಕೆಲಸ ಆದ ಮೇಲೆ ಪೈಪಿನ ಬಾಯಿ ಕಟ್ಟಿ ಒಂದು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನಿಂದ ನೋಡಿ, ಆಮೇಲೆ ದುಡ್ಡಿನ ಕೊನೆಯ ಕಂತು ಕೊಡಿ. ಸ್ಲ್ಯಾಬ್ ಈಗಾಗಲೇ ಜೋತುಬಿದ್ದಿದ್ದರೆ, ಕಬ್ಬಿಣ ಕಾಣುತ್ತಿದ್ದರೆ ಈ ಪರೀಕ್ಷೆ ಬೇಡ, ಎಂಜಿನಿಯರನ್ನು ಕರೆಸಿ.

ಹಾಗೆ ಕಬ್ಬಿಣ ಕಾಣುವುದು ಯಾಕೆ ಎಂದರೆ, ಕಡಲಿನ ಗಾಳಿಯಲ್ಲಿ ಉಪ್ಪಿದೆ. ಬಿರುಕಿನಿಂದ ನೀರು, ಉಪ್ಪು ಎರಡೂ ಸರಳಿಗೆ ತಲುಪಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಜಾಗ ಇಲ್ಲದೆ ಕಾಂಕ್ರೀಟನ್ನೇ ಒಡೆದು ಉದುರಿಸುತ್ತದೆ. ಸೋರುವುದು ಬರೀ ಕಲೆಯ ಪ್ರಶ್ನೆಯಾಗಿ ಉಳಿಯದಿರುವುದು ಈ ಕಾರಣಕ್ಕೆ.

ಶೀಟ್ ಹಾಕಿಸಿದರೆ ಮುಗಿಯಿತಾ?

ನಮ್ಮ ಕಡೆ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಬಣ್ಣದ ಶೀಟ್ ಹಾಕಿಸುವುದು ಈಗ ಮಾಮೂಲು. ಬಟ್ಟೆ ಒಣಗಿಸಲೂ ಆಯ್ತು, ಅಡಿಕೆ ಹರವಲೂ ಆಯ್ತು. ನಿಜ ಹೇಳಬೇಕೆಂದರೆ ಈ ಊರಿನ ಮಳೆಗೆ ಇದಕ್ಕಿಂತ ಸರಿಯಾದ ಉಪಾಯ ಕಮ್ಮಿ. ನೀರೇ ತಾರಸಿಗೆ ಬೀಳದ ಹಾಗೆ ಮಾಡುವುದು, ಅಂದರೆ ಹಳೆಯ ಮಾಡನ್ನೇ ವಾಪಸ್ ತಂದ ಹಾಗೆ. ಶೀಟನ್ನು ಗೋಡೆಯಿಂದ ಎರಡು ಮೂರಡಿ ಮುಂದಕ್ಕೆ ಚಾಚಿಸಿದರೆ ಮೇಲಿನ ಮಹಡಿಯ ಗೋಡೆಗಳಿಗೂ ಮರೆ ಸಿಗುತ್ತದೆ.

ಕೆಡುವುದು ಸ್ಕ್ರೂ ಹತ್ತಿರ. ಪ್ರತಿ ಸ್ಕ್ರೂ ಒಂದು ತೂತು, ಅದನ್ನು ಕಾಯುವುದು ಒಂದು ರಬ್ಬರ್ ವಾಶರ್. ಜಾಸ್ತಿ ಬಿಗಿದರೆ ವಾಶರ್ ಒಡೆಯುತ್ತದೆ, ಓರೆಯಾಗಿ ಹೊಡೆದರೆ ಒಂದು ಬದಿ ಬಾಯಿಬಿಡುತ್ತದೆ. ಶೀಟಿನ ಮೇಲೆ ಶೀಟ್ ಕೂರುವ ಬಾಯಿ ಗಾಳಿ ಬರುವ ದಿಕ್ಕಿಗೆ ತೆರೆದಿರಬಾರದು, ಆದ್ದರಿಂದ ಜೋಡಿಸಲು ಶುರು ಮಾಡಬೇಕಾದ್ದು ಗಾಳಿಗೆ ಬೆನ್ನಾದ ತುದಿಯಿಂದ. ಕತ್ತರಿಸಿದ ಅಂಚುಗಳಲ್ಲಿ ಬಣ್ಣ ಇರುವುದಿಲ್ಲ, ಕಡಲ ಹತ್ತಿರದ ಮನೆಗಳಲ್ಲಿ ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಚೌಕಟ್ಟಿನ ಕಂಬಗಳನ್ನು ಸ್ಲ್ಯಾಬ್ ಕೊರೆದು ಬೋಲ್ಟ್ ಹಾಕಿ ನಿಲ್ಲಿಸಿದ್ದರೆ ಆ ಬೋಲ್ಟಿನ ಬುಡಗಳೂ ತೂತುಗಳೇ, ಅಲ್ಲಿ ಸುತ್ತ ಗಾರೆಯ ಸಣ್ಣ ಕಟ್ಟೆ ಕಟ್ಟಿಸಿ. ಸೋಲಾರ್ ಸ್ಟ್ಯಾಂಡಿಗೂ ಇದೇ ಮಾತು. ಶೀಟ್ ಹಾಕಿಸುವ ಮೊದಲು ಪಾಲಿಕೆಯಲ್ಲೋ ಪಂಚಾಯತಿನಲ್ಲೋ ಅನುಮತಿ ಬೇಕೇ ಎಂದು ಕೇಳಿಕೊಳ್ಳಿ.

ಹಂಚಿನ ಮಾಡು

1860ರ ದಶಕದಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಹಂಚು ಇವತ್ತಿಗೂ ಚೆನ್ನಾಗಿ ನಡೆಯುತ್ತಿರುವುದಕ್ಕೆ ಕಾರಣ ಅದರ ಅಂಚಿನ ಕಾಲುವೆಗಳು. ಪಕ್ಕದ ಹಂಚಿನ ಉಬ್ಬಿದ ಅಂಚಿಗೆ ಇದರ ಕಾಲುವೆ ಕೂತು, ನುಗ್ಗಿದ ನೀರನ್ನೂ ಕೆಳಗಿನ ಹಂಚಿನ ಮೇಲೆ ಇಳಿಸಿಬಿಡುತ್ತದೆ. ಈ ಕಾಲುವೆಗಳಲ್ಲಿ ಪಾಚಿ, ತರಗೆಲೆ ಕೂತರೆ ನೀರು ಹಿಂದಕ್ಕೆ ಉಕ್ಕಿ ರೀಪಿನ ಮೇಲೆ ಬೀಳುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಬ್ರಷ್ ಹಿಡಿದು ಉಜ್ಜಿಸುವುದು ಸಾಕು. ಜೋರು ಒತ್ತಡದ ನೀರಿನ ಯಂತ್ರ ಹಿಡಿದರೆ ನೀರು ಹಂಚಿನಡಿಗೆ ನುಗ್ಗುತ್ತದೆ, ಹಂಚಿನ ಮೇಲ್ಮೈಯೂ ಸವೆಯುತ್ತದೆ. ಒಡೆದ ಹಂಚನ್ನು ಬದಲಿಸಿ, ಸಿಮೆಂಟ್ ಹಾಕಿ ಅಂಟಿಸಬೇಡಿ. ಒಂದನ್ನು ಅಂಟಿಸಿದರೆ ಮುಂದೆ ಅದನ್ನು ತೆಗೆಯಲು ಪಕ್ಕದ ನಾಲ್ಕು ಒಡೆಯಬೇಕಾಗುತ್ತದೆ. ಎರಡು ಮಾಡು ಸೇರುವ ಒಳಮೂಲೆಯ ತಗಡು ಮತ್ತು ನೆತ್ತಿಯ ಹಂಚಿನಡಿಯ ಗಾರೆ, ಈ ಎರಡನ್ನು ಪ್ರತಿ ಏಪ್ರಿಲ್‌ನಲ್ಲಿ ನೋಡಿದರೆ ಹಂಚಿನ ಮನೆಗೆ ಹೆಚ್ಚಿನ ಚಿಂತೆ ಇಲ್ಲ.

ಪೇಂಟ್ ಯಾವಾಗ, ಯಾವುದು

ಹೊರಗೋಡೆಯ ಪೇಂಟಿಗೆ ನಮ್ಮಲ್ಲಿ ಮುಹೂರ್ತ ದೀಪಾವಳಿ. ಮಳೆ ಆಗಷ್ಟೇ ನಿಂತಿರುತ್ತದೆ, ಗೋಡೆ ಹೊರಗೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಮುರಕಲ್ಲು ನಾಲ್ಕು ತಿಂಗಳ ನೀರು ಹಿಡಿದುಕೊಂಡಿರುತ್ತದೆ. ಅದರ ಮೇಲೆ ಪೇಂಟ್ ಬಳಿದರೆ ಬಿಸಿಲಿಗೆ ಆ ನೀರು ಆವಿಯಾಗಿ ಪದರವನ್ನು ಗುಳ್ಳೆ ಎಬ್ಬಿಸುತ್ತದೆ. ಜನವರಿಯಿಂದ ಏಪ್ರಿಲ್ ಮೊದಲ ಭಾಗದವರೆಗೆ ಒಳ್ಳೆಯ ಕಾಲ. ಹೊಸ ಸಾರಣೆಯಾದರೆ ಸುಮಾರು 28 ದಿನ ಬಿಡಬೇಕು.

ಪೇಂಟ್ ನೀರನ್ನು ತಡೆಯಬೇಕು, ಆವಿಯನ್ನು ಬಿಡಬೇಕು. ಹೊರಗೋಡೆಗೆಂದೇ ಮಾಡಿದ ಅಕ್ರಿಲಿಕ್ ಎಮಲ್ಷನ್‌ಗಳು ಈ ಕೆಲಸ ಮಾಡುತ್ತವೆ. ಹಿಗ್ಗುವ ಗುಣದವು ಕೂದಲೆಳೆ ಬಿರುಕನ್ನೂ ಮುಚ್ಚುತ್ತವೆ, ಅದಕ್ಕಿಂತ ದೊಡ್ಡದನ್ನು ಮುಚ್ಚುವುದಿಲ್ಲ. ಎಣ್ಣೆಯ ಪೇಂಟ್ ಗೋಡೆಯನ್ನು ಪೂರ್ತಿ ಬಿಗಿದುಬಿಡುತ್ತದೆ, ಬೇಡ. ಒಳಗೋಡೆಯ ಪುಟ್ಟಿಯನ್ನು ಹೊರಗೆ ಹಚ್ಚಿದರೆ ಅದು ಮೊದಲ ಮಳೆಗೇ ಮೆತ್ತಗಾಗುತ್ತದೆ. ಸಾರಣೆ ಮಾಡದೆ ಕೆಂಪು ಕಲ್ಲನ್ನೇ ಕಾಣಿಸುವ ಮನೆಯಾದರೆ ಹೊಳಪಿನ ವಾರ್ನಿಷ್ ಬದಲು ಸಿಲೇನ್-ಸಿಲೋಕ್ಸೇನ್ ಬಗೆಯ ಬಣ್ಣವಿಲ್ಲದ ದ್ರವ ಕೇಳಿ. ಅದು ತೂತು ಮುಚ್ಚುವುದಿಲ್ಲ, ತೂತಿನ ಗೋಡೆಗೆ ನೀರು ಅಂಟದ ಹಾಗೆ ಮಾಡುತ್ತದೆ. ಕಲ್ಲುಗಳ ನಡುವಿನ ಗಾರೆ ಬಿಟ್ಟುಹೋಗಿದ್ದರೆ ಮೊದಲು ಅದನ್ನು ತುಂಬಿಸಬೇಕು.

ಬಿಳಿ ಪುಡಿ ಏಳುವ ಗೋಡೆ ಬೇರೆ ಕೇಸು. ಅದು ಉಪ್ಪು. ಕಲ್ಲಿನೊಳಗಿನ ನೀರು ಹೊರಗೆ ಬಂದು ಆವಿಯಾಗುವಾಗ ಕರಗಿದ ಉಪ್ಪನ್ನು ಮೇಲ್ಮೈಯಲ್ಲಿ ಬಿಟ್ಟುಹೋಗುತ್ತದೆ. ನದಿ ಕಡಲು ಸೇರುವ ಅಳಿವೆಯ ಹತ್ತಿರದ ಹೊಯ್ಗೆ (ಮರಳು) ತೊಳೆಯದೆ ಸಾರಣೆಗೆ ಬಳಸಿದ್ದರೂ ಹೀಗಾಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು, ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ನೀರಿನ ದಾರಿ ಕಟ್ಟುವವರೆಗೆ ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ.

ಕೆಳಗಿಂದ ಏರುವ ತೇವ

ಕಲೆ ನೆಲದಿಂದ ಶುರುವಾಗಿ ಎರಡು ಮೂರಡಿ ಎತ್ತರಕ್ಕೆ ಅಲೆಅಲೆಯಾಗಿ ನಿಂತಿದ್ದರೆ ಅದು ತಾರಸಿಯ ನೀರಲ್ಲ, ಪಂಚಾಂಗದಿಂದ, ಅಂದರೆ ಅಡಿಪಾಯದಿಂದ, ಏರಿದ್ದು. ಪಂಚಾಂಗದ ಮೇಲೆ ಹಾಕುವ ತೇವ ತಡೆಯುವ ಕಾಂಕ್ರೀಟ್ ಪಟ್ಟಿಯನ್ನು ಬಿಟ್ಟಿದ್ದರೆ ಅಥವಾ ಆಮೇಲೆ ಅಂಗಳವನ್ನು ಎತ್ತರಿಸಿ ಆ ಪಟ್ಟಿಯನ್ನೇ ಮಣ್ಣಿನಡಿ ಮುಚ್ಚಿದ್ದರೆ ಹೀಗಾಗುತ್ತದೆ. ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸುವಾಗ ಈ ತಪ್ಪು ಜಾಸ್ತಿ. ಇಳಿಜಾರು ಮನೆಯಿಂದ ಹೊರಕ್ಕೆ ಇರಬೇಕು, ಗೋಡೆಯ ಸುತ್ತ ಎರಡು ಮೂರಡಿ ಅಗಲದ ಕಾಂಕ್ರೀಟ್ ಪಟ್ಟಿ ಇದ್ದರೆ ಮಾಡಿನ ನೀರು ಎರಚುವುದೂ ಕಮ್ಮಿಯಾಗುತ್ತದೆ.

ಗುಡ್ಡ ಕಡಿದು ಕಟ್ಟಿದ ಮನೆಗಳಲ್ಲಿ ಹಿಂದಿನ ಗೋಡೆಗೆ ಮಣ್ಣು ತಾಗಿಕೊಂಡೇ ಇರುತ್ತದೆ. ಅಲ್ಲಿ ಒಳಗಿನಿಂದ ಏನು ಬಳಿದರೂ ನೀರು ಅದನ್ನು ಕಿತ್ತು ಹಾಕುತ್ತದೆ. ಮಣ್ಣಿಗೂ ಗೋಡೆಗೂ ನಡುವೆ ಜಾಗ ಬಿಡಿಸಿ ತೋಡು ಮಾಡಿಸುವುದೇ ದಾರಿ. ತಡೆಗೋಡೆಯಲ್ಲಿ ನೀರು ಹೊರಬರುವ ತೂತುಗಳಿರಬೇಕು, ಇದ್ದವು ಮುಚ್ಚಿರಬಾರದು. ನೀರು ಕಟ್ಟಿಕೊಂಡ ತಡೆಗೋಡೆ ಸೋರುವುದಷ್ಟೇ ಅಲ್ಲ, ಜರಿಯುತ್ತದೆ.

ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡುವುದು

ಕಲೆ ಕಂಡ ಜಾಗವೇ ನೀರು ನುಗ್ಗಿದ ಜಾಗ ಆಗಿರಬೇಕಿಲ್ಲ. ಸ್ಲ್ಯಾಬಿನೊಳಗೆ ವೈರಿಂಗ್ ಪೈಪು ಇರುತ್ತದೆ, ನೀರು ಅದರೊಳಗೆ ಹತ್ತಡಿ ಹರಿದು ಫ್ಯಾನಿನ ಕೊಕ್ಕೆಯ ಹತ್ತಿರ ತೊಟ್ಟಿಕ್ಕುವುದುಂಟು.

ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ. ಮಳೆ ಬಂದ ಎಷ್ಟು ಹೊತ್ತಿಗೆ ದೊಡ್ಡದಾಗುತ್ತದೆ ನೋಡಿ. ಗಾಳಿಮಳೆಗೆ ಮಾತ್ರ ಬಂದರೆ ಕಿಟಕಿ ಅಥವಾ ಗೋಡೆ. ಮಳೆ ಬಿಟ್ಟು ಅರ್ಧ ದಿನದ ಮೇಲೆ ಬಂದರೆ ತಾರಸಿ. ಜನವರಿಯಲ್ಲೂ ಹಾಗೇ ಇದ್ದರೆ ಮಳೆಗೂ ಅದಕ್ಕೂ ಸಂಬಂಧ ಇಲ್ಲ, ಬಾತ್‌ರೂಮಿನ ಪೈಪು ನೋಡಿ. ಬೇಸಿಗೆಯಲ್ಲಿ ಪರೀಕ್ಷೆ ಮಾಡುವುದಾದರೆ ಗೋಡೆಗೆ ಪೈಪಿನಿಂದ ನೀರು ಬಿಡಿ, ಆದರೆ ಕೆಳಗಿಂದ ಶುರು ಮಾಡಿ ಕಾಲು ಗಂಟೆಗೊಮ್ಮೆ ಸ್ವಲ್ಪ ಮೇಲೆ ಹೋಗಿ. ಮೇಲಿನಿಂದ ಬಿಟ್ಟರೆ ಎಲ್ಲ ಜಾಗವೂ ಒಟ್ಟಿಗೆ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ.

ಇನ್ನು ಬೂಷ್ಟು ಕಂಡ ಕೂಡಲೇ ಸೋರುತ್ತಿದೆ ಎಂದುಕೊಳ್ಳಬೇಡಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ಗಾಳಿಯಲ್ಲೇ ಅಷ್ಟು ತೇವ ಇರುತ್ತದೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒಳಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಬೆವರಿದ್ದರೆ ತೇವ ಗೋಡೆಯದ್ದು. ನಿಮ್ಮ ಕಡೆಯ ಬದಿ ಬೆವರಿದ್ದರೆ ಕೋಣೆಯ ಗಾಳಿಯದ್ದು. ಎರಡನೆಯದಾದರೆ ವಾಟರ್‌ಪ್ರೂಫಿಂಗ್‌ಗೆ ದುಡ್ಡು ಸುರಿಯುವ ಬದಲು ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ಸರಿಸಿ ಫ್ಯಾನ್ ಹಾಕಿ.

ಮಳೆಯ ನಡುವೆ ಸೋರಿದರೆ

ಸ್ವಿಚ್‌ಬೋರ್ಡ್ ಅಥವಾ ಫ್ಯಾನಿನ ಹತ್ತಿರ ನೀರು ಕಂಡರೆ ಮೊದಲು ಆ ಭಾಗದ ಎಂಸಿಬಿ (ಕರೆಂಟು ಕಡಿಯುವ ಸ್ವಿಚ್) ಇಳಿಸಿ, ಉಳಿದದ್ದೆಲ್ಲ ಆಮೇಲೆ. ಅದು ಒಣಗಿದ್ದನ್ನು ಎಲೆಕ್ಟ್ರಿಶಿಯನ್ ನೋಡುವವರೆಗೆ ಮತ್ತೆ ಏರಿಸಬೇಡಿ. ತಾರಸಿಯ ಪೈಪು ಬಿಡಿಸಲು ಗುಡುಗು ಮಿಂಚು ನಿಂತ ಮೇಲೆ ಹತ್ತಿ, ಪಾಚಿಯ ಮೇಲೆ ಜಾರದ ಚಪ್ಪಲಿ ಹಾಕಿಕೊಂಡು. ಟಾರ್ಪಾಲ್ ಹಾಕುವುದಾದರೆ ಪ್ಯಾರಪೆಟ್ ದಾಟಿ ಹೊರಕ್ಕೆ ಇಳಿಬಿಡಿ, ಒಳಗೇ ಮುಗಿಸಿದರೆ ಅದರ ಅಂಚಿನ ನೀರೆಲ್ಲ ಆ ಬಿರುಕಿನ ಮೂಲೆಗೇ ಸುರಿಯುತ್ತದೆ. ಒರೆಸಿ ಒಣಗಿಸಿದ ಜಾಗಕ್ಕೆ ಅಂಟಿಸುವ ಬ್ಯುಟೈಲ್ (ರಬ್ಬರಿನಂಥ ಅಂಟಿನ) ಟೇಪ್ ಸಿಗುತ್ತದೆ, ತಾತ್ಕಾಲಿಕವಾಗಿ ತಳ್ಳಲು ಸಾಕು. ಒಳಗಿನಿಂದ ಗೋಡೆಗೆ ಏನನ್ನೂ ಬಳಿಯಬೇಡಿ. ಹೊರಗೆ ದಾರಿ ತೆರೆದಿರುವಾಗ ಒಳಗೆ ಮುಚ್ಚಿದರೆ ನೀರು ಇನ್ನೊಂದು ಕೋಣೆಯಲ್ಲಿ ಹೊರಬರುತ್ತದೆ.

ಮೇಸ್ತ್ರಿಗಳನ್ನು ಜನವರಿಯಲ್ಲೇ ಗೊತ್ತು ಮಾಡಿಕೊಳ್ಳಿ, ಏಪ್ರಿಲ್‌ನಲ್ಲಿ ಯಾರ ಕೈಗೂ ಸಿಗುವುದಿಲ್ಲ. ಬರುವವರು ಹತ್ತು ವರ್ಷ ಗ್ಯಾರಂಟಿ ಎಂದರೆ ಅದು ಸಾಮಾನಿನದ್ದೋ ಕೆಲಸದ್ದೋ, ಮೂಲೆ ಮತ್ತು ಪೈಪಿನ ಬಾಯಿ ಅದರೊಳಗೆ ಸೇರುತ್ತದೋ ಎಂದು ಕೇಳಿ, ಹೇಳಿದ್ದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.